ಎ.ಸಿ.ಗೊಂದು ಪ್ರಶ್ನೆಪತ್ರಿಕೆ

ಸೋಮವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹಾಲ್‌ಟಿಕೆಟ್ ಸಾಹೇಬರ ಮನೆಯ ಎ.ಸಿ. ಮೊದಲು ಗೊರಗೊರ ಅಂದಿತು, ಆಮೇಲೆ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂತೆ ಸದ್ದು ಮಾಡಿತು, ಆಮೇಲೆ ಸುಮ್ಮನಾಯಿತು. ಸಮಯ ಇಷ್ಟು ಕರಾರುವಾಕ್ಕಾಗಿ ತಿಳಿದಿರುವುದಕ್ಕೆ ಕಾರಣವಿದೆ. ಸಾಹೇಬರು ಆಗ ಮನೆಯಲ್ಲಿರಲಿಲ್ಲ. ಆದರೆ ತಾವಿಲ್ಲದಾಗ ಏನೇ ನಡೆದರೂ ಗಂಟೆ ನಿಮಿಷ ಸಮೇತ ಬರೆದಿಡಬೇಕೆಂದು ಅತ್ತೆಯ ಕೈಗೆ ಒಂದು ನೋಟ್‌ಬುಕ್ ಕೊಟ್ಟಿದ್ದರು. ಅತ್ತೆ ಬರೆದಿದ್ದರು: "3.10, ಎ.ಸಿ. ಹೋಯಿತು. 3.12, ಮಗಳು ಕೂಗಿಕೊಂಡಳು."

ಸಾಹೇಬರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಬೇಕಾಗಿಲ್ಲ. ಇಪ್ಪತ್ತಾರು ವರ್ಷದಿಂದ ಅವರು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಒಂದು ಸಲ ಸ್ವಂತ ಷಡ್ಡಕ ಮೀಸೆ ಬೋಳಿಸಿಕೊಂಡು ಮನೆಗೆ ಬಂದಾಗ ಬಾಗಿಲಲ್ಲೇ ತಡೆದು ಗುರುತಿನ ಚೀಟಿ ಕೇಳಿದ್ದರು. ಷಡ್ಡಕ ಆವತ್ತು ಬೀದಿಯಲ್ಲಿ ನಿಂತು ಕೂಗಿದ್ದೇ ಹೆಸರಾಗಿ ಉಳಿಯಿತು. ಸಾಹೇಬರಿಗೇನೂ ಬೇಜಾರಿಲ್ಲ. ಪರೀಕ್ಷೆ ಇಟ್ಟರೆ ಬಗೆಹರಿಯದ ವಿಷಯ ಭೂಮಿಯ ಮೇಲೆ ಇಲ್ಲ ಎಂದು ನಂಬಿದವರಿಗೆ ಅದು ಬೈಗುಳವೇ ಅಲ್ಲ, ಬಿರುದು.

ಇನ್ನು 3.12ರ ಕೂಗು. ಸಾಹೇಬರ ಹೆಂಡತಿ ನಾಲ್ಕು ವರ್ಷದಿಂದ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದರು. ಅಡುಗೆಮನೆಯಲ್ಲಿ ಬೇಯಿಸುವುದು, ಊಟದ ಮನೆಯ ಉದ್ದ ಮೇಜಿನ ಮೇಲೆ ಕ್ರೀಮ್ ಹಚ್ಚಿ ಅಲಂಕರಿಸುವುದು. ಇಷ್ಟು ದಿನ ಎಲ್ಲ ಸಣ್ಣಪುಟ್ಟ ಹುಟ್ಟುಹಬ್ಬದ ಕೇಕುಗಳು. ಈಗ ಮೊದಲ ಸಲ ದೊಡ್ಡ ಕೆಲಸ ಬಂದಿತ್ತು. ಈಜು ಕ್ಲಬ್ಬಿಗೆ ಐವತ್ತು ವರ್ಷ ತುಂಬುವ ಸಮಾರಂಭ, ಶನಿವಾರ ಸಂಜೆ, ಇನ್ನೂರು ಜನ. ಮೂರು ಅಂತಸ್ತಿನ ಕೇಕು, ಅದರ ನೆತ್ತಿಯಲ್ಲಿ ನೀಲಿ ಜೆಲ್ಲಿಯ ಕೊಳ, ಕೊಳದಲ್ಲಿ ಸಕ್ಕರೆಯಿಂದ ಮಾಡಿದ ಎಂಟು ಈಜುಗಾರರು. ಇದು ಒಪ್ಪಿಗೆಯಾದರೆ ವರ್ಷವಿಡೀ ಕ್ಲಬ್ಬಿನ ಕೇಕುಗಳೆಲ್ಲ ಇವರದೇ ಎಂದು ಕಾರ್ಯದರ್ಶಿ ಮಾತು ಕೊಟ್ಟಿದ್ದರು. ಹಾಗಾದರೆ ಬೀದಿ ಕೊನೆಯಲ್ಲಿ ಮುಚ್ಚಿ ಬಿದ್ದಿದ್ದ ಗಡಿಯಾರದ ಅಂಗಡಿಯನ್ನು ಬಾಡಿಗೆಗೆ ಹಿಡಿಯಬಹುದು. ಎರಡು ವರ್ಷದಿಂದ ಆ ಷಟರಿನ ಮುಂದೆ ಹಾದುಹೋಗುವಾಗೆಲ್ಲ ಆಕೆಯ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಈ ಕೇಕು ಕೆಟ್ಟರೆ ಆ ಷಟರು ಇನ್ನೊಬ್ಬರ ಪಾಲು.

ಎ.ಸಿ. ನಿಂತ ಎರಡೇ ನಿಮಿಷಕ್ಕೆ ಮೊದಲೇ ಮಾಡಿ ಕಿಟಕಿಯ ಪಕ್ಕ ಒಣಗಲಿಟ್ಟಿದ್ದ ಈಜುಗಾರನ ತಲೆ ಎದೆಗಿಳಿದಿತ್ತು. ಊಟದ ಮನೆ ಮೊದಲಿಂದಲೂ ಹಾಗೆಯೇ. ಎ.ಸಿ. ನಡೆಯುತ್ತಿದ್ದಾಗಲೂ ಪಕ್ಕದ ಕೋಣೆಗಳಿಂದ ಹರಿದು ಬಂದಷ್ಟೇ ತಂಪು, ಬೆವರು ಕಿತ್ತು ಬರುತ್ತಿತ್ತು.

ಸಂಜೆ ಸಾಹೇಬರು ಬರುತ್ತಲೇ ಹೆಂಡತಿ ಹೇಳಿದರು: "ರೀ, ಶುಕ್ರವಾರ ಮಧ್ಯಾಹ್ನದಿಂದ ನಾನು ಕ್ರೀಮ್ ಹಚ್ಚಕ್ಕೆ ಶುರು ಮಾಡ್ಬೇಕು. ಅಷ್ಟರೊಳಗೆ ಈ ಮನೆ ತಣ್ಣಗಾಗ್ಬೇಕು. ಏನಾದ್ರೂ ಮಾಡಿ."

"ಆಗುತ್ತೆ ಕಣೇ. ಎಲ್ಲದಕ್ಕೂ ಒಂದು ಕ್ರಮ ಅಂತ ಇರುತ್ತೆ" ಎಂದರು ಸಾಹೇಬರು. ಈ ಮನೆಯಲ್ಲಿ ಅನಾಹುತಗಳೆಲ್ಲ ಶುರುವಾಗುವುದು ಇದೇ ವಾಕ್ಯದಿಂದ.

ಮಂಗಳವಾರ ಬೆಳಿಗ್ಗೆ ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ವಯಸ್ಸಾದ ಮೆಕ್ಯಾನಿಕ್ ಬಂದ. ಹಿತ್ತಲಿನಲ್ಲಿದ್ದ ಯಂತ್ರದ ಮುಚ್ಚಳ ಬಿಚ್ಚಿ ನೋಡಿ, ಮನೆಯವರಿಗೆ ಸಮಾಧಾನ ಹೇಳುವ ಡಾಕ್ಟರರ ಹಾಗೆ ತಲೆಯಾಡಿಸಿದ.

"ಮುಗೀತು ಸರ್. ಹದಿನೆಂಟು ವರ್ಷ ದುಡಿದಿದೆ, ಪಾಪ. ಹೊಸದೇ ಹಾಕ್ಬೇಕು. ಮೂರು ಟನ್ ಸಾಕಾಗ್ಬಹುದು. ಒಂದ್ಸಲ ಅಟ್ಟ ಹತ್ತಿ ಡಕ್ಟ್ ನೋಡ್ಬಿಡ್ತೀನಿ." ಯಂತ್ರದ ತಂಪು ಗಾಳಿಯನ್ನು ಕೋಣೆಕೋಣೆಗೆ ಒಯ್ಯುವ ದಪ್ಪ ಪೈಪುಗಳಿಗೆ ಡಕ್ಟ್ ಎನ್ನುತ್ತಾರೆ. ಈ ಮನೆಯಲ್ಲಿ ಅವೆಲ್ಲ ಅಟ್ಟದಲ್ಲಿ ಹಾದುಹೋಗಿದ್ದವು.

"ಹತ್ತಿ ನೋಡಿ, ನಾಳೆನೇ ಹಾಕ್ಬಿಡಿ" ಎಂದರು ಹೆಂಡತಿ. ಅಷ್ಟರಲ್ಲಿ ಸಾಹೇಬರು ಏಣಿಗೆ ಅಡ್ಡ ನಿಂತಾಗಿತ್ತು.

"ಸ್ವಲ್ಪ ತಡೀರಿ. ಇನ್ನೂ ಇಬ್ಬರನ್ನ ಕರೆದಿದೀನಿ. ಅವರು ನೋಡಿಲ್ಲದ್ದನ್ನ ನೀವು ಮೊದಲೇ ನೋಡಿದ್ರೆ ಅದು ಪ್ರಶ್ನೆಪತ್ರಿಕೆ ಸೋರಿಕೆ ಆದ ಹಾಗೆ."

ಮೆಕ್ಯಾನಿಕ್ ಸಾಹೇಬರ ಹೆಂಡತಿಯ ಮುಖ ನೋಡಿದ. ಹೆಂಡತಿ ಸೂರು ನೋಡಿದರು.

ಎರಡನೆಯವರು ದೊಡ್ಡ ಷೋರೂಮಿನ ಮ್ಯಾನೇಜರ್. ಆ ಸೆಕೆಯಲ್ಲೂ ಟೈ ಕಟ್ಟಿಕೊಂಡು ಬಂದಿದ್ದರು. ನಡುಮನೆಯ ಸೋಫಾದಿಂದ ಏಳದೆಯೇ ಐದು ಟನ್ ಎಂದರು. ಮೂರನೆಯವರು ಒಬ್ಬ ಇಂಜಿನಿಯರಮ್ಮ. ಲ್ಯಾಪ್‌ಟಾಪಿನಲ್ಲಿ ಟಕಟಕ ಒತ್ತಿ ನಾಲ್ಕು ಟನ್ ಎಂದರು. ಸಾಹೇಬರು ಮೂರೂ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಬಹಳ ಹೊತ್ತು ನೋಡಿದರು.

"ಒಂದೇ ಮನೆಗೆ ಮೂರು ಉತ್ತರ. ಅಂದ್ರೆ ಇವರಲ್ಲಿ ಇಬ್ಬರು ಫೇಲು" ಎಂದರು.

"ಮೊದಲು ಬಂದೋರು ಒಳ್ಳೇ ಕೆಲಸಗಾರ ಅನ್ಸುತ್ತೆ ರೀ."

"ಅನ್ಸೋದಕ್ಕೆಲ್ಲ ಮಾರ್ಕ್ಸ್ ಕೊಡಕ್ಕಾಗಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ."

ಹೆಂಡತಿ ತಮಾಷೆ ಎಂದುಕೊಂಡರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ಆಕೆಗೆ ಒಮ್ಮೊಮ್ಮೆ ಗಂಡನ ಮೇಲೆ ಹೀಗೆ ಭರವಸೆ ಹುಟ್ಟುವುದುಂಟು.

ಆ ಸಂಜೆ ಸಾಹೇಬರು ಪ್ರಶ್ನೆಪತ್ರಿಕೆ ಸಿದ್ಧಪಡಿಸಿದರು. ಸಮಯ ಎರಡು ಗಂಟೆ, ಗರಿಷ್ಠ ಅಂಕ ನೂರು. ಮೊದಲ ಭಾಗದಲ್ಲಿ ಬಿಟ್ಟ ಸ್ಥಳ ತುಂಬುವುದು. ಎರಡನೆಯ ಭಾಗದಲ್ಲಿ "ನಿಮ್ಮ ಯಂತ್ರವನ್ನು ಇತರರ ಯಂತ್ರದೊಂದಿಗೆ ಹೋಲಿಸಿರಿ, ಆದರೆ ಇತರರನ್ನು ನಿಂದಿಸಬೇಡಿರಿ." ಮೂರನೆಯದು ಪ್ರಬಂಧ: "'ದೊಡ್ಡ ಯಂತ್ರವೇ ಒಳ್ಳೆಯ ಯಂತ್ರ.' ಈ ಮಾತನ್ನು ಮೂರು ಪುಟಕ್ಕೆ ಕಡಿಮೆಯಾಗದಂತೆ ಚರ್ಚಿಸಿರಿ." ಇವುಗಳಲ್ಲಿ ಒಂದಕ್ಕೂ ಸಾಹೇಬರಿಗೆ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆ ಕೇಳುವವನಿಗೆ ಉತ್ತರ ತಿಳಿದಿರಬೇಕೆಂಬ ನಿಯಮ ಅವರು ಕಂಡ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ತಮ್ಮ ಪತ್ರಿಕೆಯನ್ನು ಮೂರು ಸಲ ಗಟ್ಟಿಯಾಗಿ ಓದಿ ಸಂತೋಷಪಟ್ಟರು.

ಬುಧವಾರ ಮೂವರೂ ಬಂದೇಬಿಟ್ಟರು. ಟೈ ಮ್ಯಾನೇಜರು ಬಂದದ್ದು ಗಿರಾಕಿ ಹೇಳಿದ್ದಕ್ಕೆ ಇಲ್ಲವೆನ್ನಬಾರದೆಂದು ಕಂಪನಿಯಲ್ಲಿ ಕಲಿಸಿದ್ದರಿಂದ. ಇಂಜಿನಿಯರಮ್ಮ ಬಂದದ್ದು ಪರೀಕ್ಷೆ ಎಂದರೆ ಚಿಕ್ಕಂದಿನಿಂದಲೂ ಇಷ್ಟವಾದ್ದರಿಂದ. ಮೆಕ್ಯಾನಿಕ್ ಬಂದದ್ದು ಸಾಹೇಬರ ಹೆಂಡತಿ ಫೋನಿನಲ್ಲಿ "ದಯವಿಟ್ಟು ಬನ್ನಿ, ನನ್ನ ಕೆಲಸ ನಿಂತುಹೋಗುತ್ತೆ" ಎಂದು ಬೇಡಿಕೊಂಡಿದ್ದರಿಂದ. ಸಾಹೇಬರು ಕಚೇರಿಗೆ ರಜೆ ಹಾಕಿ, ಗೇಟಿಗೆ ಒಂದು ರಟ್ಟು ತೂಗುಹಾಕಿದ್ದರು: "ಪರೀಕ್ಷೆ ನಡೆಯುತ್ತಿದೆ. ಮೌನವಾಗಿರಿ. ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ."

ಕೊಠಡಿ ಮೇಲ್ವಿಚಾರಣೆ ಅತ್ತೆಯದು. ಎಪ್ಪತ್ತು ದಾಟಿದ ಆ ಹಿರಿಯರು ಬಾಳಿನಲ್ಲಿ ಇಂಥ ಅಧಿಕಾರ ಕಂಡಿರಲಿಲ್ಲ. ಮೂವರ ಫೋನನ್ನೂ ಕಿತ್ತು ಅನ್ನದ ಪಾತ್ರೆಯಲ್ಲಿ ಹಾಕಿ ಮುಚ್ಚಿದರು. ಇಂಜಿನಿಯರಮ್ಮನ ಕ್ಯಾಲ್ಕುಲೇಟರ್ ಅದರ ಹಿಂದೆಯೇ ಹೋಯಿತು.

"ಅಮ್ಮ, ಅದಿಲ್ದೆ ನಾನು ಲೆಕ್ಕ ಹೇಗೆ ಮಾಡ್ಲಿ?"

"ಬೆರಳಿಲ್ವಾ?" ಎಂದರು ಅತ್ತೆ.

ಹತ್ತು ನಿಮಿಷದಲ್ಲಿ ಊಟದ ಮನೆ ಕಾದ ಕಾವಲಿಯಾಯಿತು. ಟೈ ಮ್ಯಾನೇಜರ ಮೂಗಿನಿಂದ ಬೆವರು ಉತ್ತರಪತ್ರಿಕೆಯ ಮೇಲೆ ತೊಟ್ಟಿಕ್ಕಿ ಅಕ್ಷರಗಳು ಹರಡತೊಡಗಿದವು. ಅವರು ಒಮ್ಮೆ ಪಕ್ಕಕ್ಕೆ ಕಣ್ಣು ಹಾಯಿಸಿದರು. "ಏಯ್! ಅಕ್ಕಪಕ್ಕ ನೋಡ್ಬೇಡಿ. ನಿಮ್ಮ ಟನ್ನು ನೀವು ಬರೀರಿ" ಎಂದು ಅತ್ತೆ ಗದರಿಸಿದ ರಭಸಕ್ಕೆ ಅವರ ಪೆನ್ನು ಮೇಜಿನ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದ್ದಕ್ಕೂ ಒಂದು ಎಚ್ಚರಿಕೆ ಸಿಕ್ಕಿತು.

ಮೆಕ್ಯಾನಿಕ್ ಮಾತ್ರ ಪ್ರಶ್ನೆಪತ್ರಿಕೆಯನ್ನು ಬೀಸಣಿಗೆ ಮಾಡಿಕೊಂಡು ಸುಮ್ಮನೆ ಕೂತಿದ್ದ. ಕೊನೆಗೆ ಕೈಯೆತ್ತಿ, "ನೀರು ಕುಡ್ಕೊಂಡು ಬರ್ತೀನಮ್ಮ" ಎಂದ. ಅತ್ತೆ ನೋಟ್‌ಬುಕ್ಕಿನಲ್ಲಿ "10.40, ಒಬ್ಬರು ನೀರಿಗೆ" ಎಂದು ಬರೆದು ಬಿಟ್ಟುಕೊಟ್ಟರು.

ಅಡುಗೆಮನೆಯಲ್ಲಿ ಹೆಂಡತಿ ಲೋಟ ಕೊಡುತ್ತ ಮೆಲ್ಲಗೆ ಹೇಳಿದರು: "ಎಲ್ಲ ಕೋಣೆ ತಣ್ಣಗಾದ್ರೂ ಆ ಊಟದ ಮನೆ ಮಾತ್ರ ಆಗ್ತಾನೇ ಇರ್ಲಿಲ್ಲ. ಎಷ್ಟೋ ವರ್ಷದಿಂದ ಹೇಳ್ತಿದೀನಿ. ಒಲೆ ಹತ್ರ ಇರ್ತೀಯಲ್ಲ, ನಿನ್ನ ಭ್ರಮೆ ಅಂತಾರೆ ಇವರು."

ಮೆಕ್ಯಾನಿಕ್ ಲೋಟ ಕೆಳಗಿಟ್ಟ. ಹಿಂಬಾಗಿಲ ಪಕ್ಕದ ಏಣಿ ನೋಡಿದ. ಅತ್ತೆಯ ನೋಟ್‌ಬುಕ್ಕಿನಲ್ಲಿ ಮುಂದಿನ ನಮೂದು ಹೀಗಿದೆ: "11.25, ನೀರಿಗೆ ಹೋದವರು ಬಂದರು. ತಲೆ ತುಂಬ ಜೇಡರ ಬಲೆ."

ಪರೀಕ್ಷೆ ಮುಗಿದ ಮೇಲೆ ಸಾಹೇಬರು ಅತ್ತೆಯ ಕೈಯಿಂದ ಹೆಸರಿದ್ದ ಚೀಟಿಗಳನ್ನು ಹರಿಸಿ, ಉತ್ತರಪತ್ರಿಕೆಗಳಿಗೆ ಒಂದು, ಎರಡು, ಮೂರು ಎಂದು ಕೋಡು ಕೊಡಿಸಿದರು. ಯಾವ ಕೋಡು ಯಾರದೆಂದು ಅತ್ತೆಯಿಂದಲೇ ಬರೆಸಿ, ತಾವು ಆ ಕಡೆ ಮುಖ ತಿರುಗಿಸಿ, ಲಕೋಟೆಯಲ್ಲಿ ಹಾಕಿಸಿ ಅರಗು ಒತ್ತಿಸಿದರು. ತಮ್ಮ ಮನೆಗೆ ಎ.ಸಿ. ಹಾಕುವವರು ಯಾರೆಂದು ತಮಗೇ ಗೊತ್ತಾಗಬಾರದು ಎಂಬಷ್ಟು ನಿಷ್ಪಕ್ಷಪಾತ.

ಸಂಜೆ ಮೌಲ್ಯಮಾಪನ. ಕೋಡು ಎರಡು ಏಳು ಹೆಚ್ಚುವರಿ ಹಾಳೆ ತುಂಬಿಸಿತ್ತು. ಬೆವರಿನಿಂದ ಅರ್ಧ ಅಕ್ಷರ ಕಾಣಿಸದಿದ್ದರೂ ತೂಕ ನೋಡಿಯೇ ಸಾಹೇಬರು ಎಂಬತ್ತೆಂಟು ಅಂಕ ಕೊಟ್ಟರು. ಕೋಡು ಒಂದಕ್ಕೆ ಅರವತ್ತೊಂದು. ಕೋಡು ಮೂರರಲ್ಲಿ ಒಂದೇ ಸಾಲಿತ್ತು: "ಊಟದ ಮನೆ ಪೈಪು ಅಟ್ಟದಲ್ಲಿ ಬಿಟ್ಕೊಂಡಿದೆ, ಮೊದಲು ಅದು ಸೇರಿಸ್ಬೇಕು." ಸಾಹೇಬರು ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಪೈಪಿನ ವಿಷಯ ಎಲ್ಲೂ ಕೇಳಿರಲಿಲ್ಲ. "ಕೇಳದ ಪ್ರಶ್ನೆಗೆ ಉತ್ತರ" ಎಂದು ಷರಾ ಬರೆದು ದುಂಡಗೆ ಸೊನ್ನೆ ಸುತ್ತಿದರು.

"ಯಾರು ಪಾಸು?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದರು.

"ಕೋಡು ಎರಡು. ಡಿಸ್ಟಿಂಕ್ಷನ್!"

"ಅದು ಯಾರು?"

"ನಾಳೆ ಹತ್ತು ಗಂಟೆಗೆ ಇಬ್ಬರು ಸಾಕ್ಷಿಗಳ ಮುಂದೆ ಲಕೋಟೆ ಒಡೀತೀನಿ."

"ಈಗ್ಲೇ ಒಡೀರಿ! ಈಗ್ಲೇ ಫೋನ್ ಮಾಡಿ!"

"ಈಗ ಒಡೆದ್ರೆ ಅದು ಫಲಿತಾಂಶ ಸೋರಿಕೆ ಕಣೇ" ಎಂದರು ಸಾಹೇಬರು, ಮಗುವಿಗೆ ಹೇಳುವಷ್ಟು ಮೆತ್ತಗೆ. ಹೆಂಡತಿ ಒಳಗೆ ಹೋದರು. ಸಕ್ಕರೆಯ ಎಂಟು ಈಜುಗಾರರಲ್ಲಿ ಆ ಹೊತ್ತಿಗೆ ಮೂವರು ಪೂರ್ತಿ ಮುಳುಗಿಹೋಗಿದ್ದರು. ಆಕೆ ಫ್ರಿಜ್ಜಿನಲ್ಲಿದ್ದ ತರಕಾರಿ ಎಲ್ಲ ಹೊರಗೆಸೆದು ಉಳಿದ ಐವರನ್ನು ಒಳಗೆ ಮಲಗಿಸಿದರು.

ಈ ನಡುವೆ ಎದುರುಮನೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಅಲ್ಲಿ ಒಬ್ಬ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಇದ್ದಾರೆ. ನಲವತ್ತು ವರ್ಷ ಊರಿನ ಸುದ್ದಿಯನ್ನು ಲಕೋಟೆಯೊಳಗೆ ಮುಚ್ಚಿಟ್ಟು ಹಂಚಿದ ಬೇಸರವನ್ನು ಈಗ ತೀರಿಸಿಕೊಳ್ಳುತ್ತಿದ್ದಾರೆ. ಗೇಟಿನ ರಟ್ಟು, ಒಳಗೆ ಬಗ್ಗಿ ಬರೆಯುತ್ತಿದ್ದ ಮೂರು ತಲೆಗಳು, ಅರಗಿನ ವಾಸನೆ ಇಷ್ಟು ಸಾಕಾಯಿತು. ವಿಶ್ವವಿದ್ಯಾಲಯದವರು ಸೂಪರಿಂಟೆಂಡೆಂಟರ ಮನೆಯಲ್ಲಿ ಗುಟ್ಟಾಗಿ ಕೆಲಸಕ್ಕೆ ಜನ ಆರಿಸುತ್ತಿದ್ದಾರೆ ಎಂದು ಔಷಧಿ ಅಂಗಡಿಯಲ್ಲಿ ಒಬ್ಬರ ಕಿವಿಗೆ ಮಾತ್ರ ಹೇಳಿದರು. ಅಂಗಡಿಯಲ್ಲಿ ಆಗ ಹನ್ನೊಂದು ಜನರಿದ್ದರು.

ಗುರುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಗೇಟಿನ ಮುಂದೆ ಇಪ್ಪತ್ತಮೂರು ಜನ. ಎಲ್ಲರ ಕಂಕುಳಲ್ಲೂ ಸರ್ಟಿಫಿಕೇಟಿನ ಕಡತ. ಒಬ್ಬ ಓಟದಲ್ಲಿ ಗೆದ್ದ ಪದಕವನ್ನೇ ಕೊರಳಿಗೆ ಹಾಕಿಕೊಂಡು ಬಂದಿದ್ದ.

"ಎಲ್ಲ ಮನೆಗೆ ಹೋಗಿ" ಎಂದು ಸಾಹೇಬರು ಕೈಮುಗಿದರು. "ಇದು ಕೆಲಸದ ಪರೀಕ್ಷೆ ಅಲ್ಲ. ನಮ್ಮನೆಗೆ ಎ.ಸಿ. ಆರಿಸೋಕೆ ಇಟ್ಟಿದ್ದು."

ಗುಂಪಿನಲ್ಲಿ ನಗು ಹೊಮ್ಮಿತು. ಮಗನನ್ನು ಕರೆತಂದಿದ್ದ ಒಬ್ಬ ತಂದೆ ಮುಂದೆ ಬಂದು ಕಣ್ಣು ಮಿಟುಕಿಸಿದ. "ಅರ್ಥ ಆಯ್ತು ಸರ್. ಹೊರಗೆ ಏನು ಹೇಳ್ಬೇಕೋ ಅದನ್ನೇ ಹೇಳ್ತೀವಿ. ಇವನು ಮೂರು ವರ್ಷದಿಂದ ಓದ್ತಿದಾನೆ. ಎ.ಸಿ. ವಿಷ್ಯ ಬೇಕಾದ್ರೂ ಓದ್ತಾನೆ."

"ನಿಜವಾಗ್ಲೂ ಎ.ಸಿ.ನೇ ಕಣ್ರೀ!"

"ನಿಮ್ಮಂಥ ಅಧಿಕಾರಿಗಳು ಇದಾರಲ್ಲ ಸರ್, ಅದಕ್ಕೇ ಇನ್ನೂ ಗುಟ್ಟು ಉಳಿದಿರೋದು" ಎಂದು ಆತ ಸಾಹೇಬರ ಕೈ ಹಿಡಿದು ಕುಲುಕಿದ. ಇಲ್ಲ ಅಂದಷ್ಟೂ ಉಂಟು ಎನ್ನುವ ಜನರ ಮುಂದೆ ಯಾರು ತಾನೆ ಏನು ಮಾಡಬಲ್ಲರು? ಅತ್ತೆ ಹೊರಗೆ ಬಂದು "ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು!" ಎಂದು ಕೂಗಿದ ಮೇಲಂತೂ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ವಿಶ್ವವಿದ್ಯಾಲಯದ ಜೀಪು ಬಂದು ನಿಂತಿತು. ಇಳಿದವರು ಪರೀಕ್ಷಾ ಜಾಗೃತ ದಳದ ಮುಖ್ಯಸ್ಥರು. ಕಾಲುಚೀಲದೊಳಗಿನ ಚೀಟಿಯನ್ನು ನಡಿಗೆಯಲ್ಲೇ ಗುರುತು ಹಿಡಿಯುವವರೆಂದು ಹೆಸರಾದ ದಪ್ಪ ಮನುಷ್ಯ. ಜೊತೆಯಲ್ಲಿ ಇಬ್ಬರು ಗುಮಾಸ್ತರು. ಬಾಗಿಲಲ್ಲಿ ಅತ್ತೆ ಕೈ ಅಡ್ಡ ಹಿಡಿದರು.

"ಹಾಲ್‌ಟಿಕೆಟ್ ಎಲ್ಲಿ?"

"ನಾನು ಜಾಗೃತ ದಳದ ಮುಖ್ಯಸ್ಥ ಅಮ್ಮ!"

"ಯಾರೇ ಆಗ್ಲಿ. ಫೋನು ಈ ಪಾತ್ರೆಗೆ ಹಾಕಿ ಒಳಗೆ ಬನ್ನಿ."

ಮುಖ್ಯಸ್ಥರು ಫೋನು ಹಾಕಿ ಒಳಗೆ ಬಂದರು. ಅವರ ಸೇವೆಯಲ್ಲೇ ಇಂಥದ್ದು ಮೊದಲು. ಊಟದ ಮನೆಯ ಮೇಜಿನ ಮೇಲೆ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ, ಅಂಕಪಟ್ಟಿ, ಅರಗು ಒತ್ತಿದ ಲಕೋಟೆ, ಎಲ್ಲ ಕ್ರಮವಾಗಿ ಜೋಡಿಸಿಟ್ಟಿದ್ದು ಕಂಡು ಅವರು ಹಣೆ ಚಚ್ಚಿಕೊಂಡರು.

"ಸೂಪರಿಂಟೆಂಡೆಂಟ್ರೇ, ಇಪ್ಪತ್ತಾರು ವರ್ಷದ ಸರ್ವೀಸು ನಿಮ್ಮದು! ಮನೆಯಲ್ಲಿ ಪರೀಕ್ಷೆ ನಡೆಸಿದೀರಾ?"

"ನಡೆಸಿದೀನಿ ಸರ್. ಒಂದೇ ಒಂದು ಅಕ್ರಮ ಆಗಿಲ್ಲ."

"ನಡೆಸಿದ್ದೇ ಅಕ್ರಮ ಕಣ್ರೀ!"

ಗುಮಾಸ್ತರು ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ಮೊಹರು ಹಾಕಿದರು. ಅರಗಿನ ಲಕೋಟೆಯೂ ಅದರೊಳಗೇ ಹೋಯಿತು. ಗೇಟಿನಾಚೆ ಪದಕದವನು ಪಕ್ಕದವನಿಗೆ ಹೇಳುತ್ತಿದ್ದ: "ನೋಡಿದ್ಯಾ? ಪೇಪರ್ ವ್ಯಾಲ್ಯುಯೇಷನ್‌ಗೆ ಹೋಯ್ತು."

ಜೀಪು ಹೋಯಿತು. ಸಾಹೇಬರು ಬರಿದಾದ ಮೇಜಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತರು. ಡಿಸ್ಟಿಂಕ್ಷನ್ ಪಡೆದವರು ಈ ಊರಿನಲ್ಲೇ ಎಲ್ಲೋ ಓಡಾಡುತ್ತಿದ್ದಾರೆ. ಅವರು ಯಾರೆಂದು ಹೇಳಬಲ್ಲ ಕಾಗದ ತನಿಖೆ ಮುಗಿಯುವ ತನಕ ಹೊರಬರುವುದಿಲ್ಲ. ವಿಶ್ವವಿದ್ಯಾಲಯದ ತನಿಖೆ ಎಂದರೆ ಏನೆಂದು ಸಾಹೇಬರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೆಲವನ್ನು ಅವರೇ ಹನ್ನೆರಡು ವರ್ಷದಿಂದ ನಡೆಸುತ್ತಿದ್ದರು.

"ಅತ್ತೆ, ಕೋಡು ಎರಡು ಯಾರದು ಅಂತ ನಿಮಗೆ ನೆನಪಿದೆಯಾ? ನೀವೇ ಬರೆದಿದ್ದಲ್ವಾ?"

"ಯಾರಿಗೂ ಹೇಳ್ಬಾರ್ದು ಅಂತ ಪ್ರಮಾಣ ಮಾಡಿಸಿಕೊಂಡ್ರಲ್ಲ ಅಳಿಯಂದ್ರೆ. ನಾನು ಮಾತಿಗೆ ತಪ್ಪೋಳಲ್ಲ" ಎಂದು ಅತ್ತೆ ಎದ್ದು ಹೋದರು.

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ದನಿ ಏರಿರಲಿಲ್ಲ. ಏರಿದ್ದರೆ ಸಾಹೇಬರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಮುಗೀತಾ ನಿಮ್ದು? ನನ್ನ ಕ್ರೀಮು ನಿಮ್ಮ ತನಿಖೆಗೆ ಕಾಯಲ್ಲ. ಆ ಮೆಕ್ಯಾನಿಕ್‌ನ ಕರೀತಿದೀನಿ."

"ಅವನು ಯಾವ ಕೋಡೋ ಏನೋ..."

"ಕೋಡೂ ಬೇಡ, ಬಾಲಾನೂ ಬೇಡ. ಬೆವರದೆ ಇರೋ ಮನೆ ಬೇಕು ನನಗೆ. ಈ ಮೇಜಿನ ಮುಂದೆ ನಾಲ್ಕು ವರ್ಷ ನಿಂತಿದೀನಿ ರೀ. ಯಾವ ಹೊತ್ತಿಗೆ ಯಾವ ಕಿಟಕಿಯಿಂದ ಬಿಸಿಲು ಬೀಳುತ್ತೆ, ಯಾವ ಮೂಲೆಗೆ ಗಾಳಿ ಬರಲ್ಲ, ಎಲ್ಲ ಗೊತ್ತಿದೆ ನನಗೆ. ಮೂರು ಜನ ಹೊರಗಿನವರಿಗೆ ಮೂವತ್ತು ಪ್ರಶ್ನೆ ಕೇಳಿದ್ರಿ. ನನಗೆ ಒಂದು ಕೇಳಿದ್ರಾ?"

ಸಾಹೇಬರು ಫೋನನ್ನು ಹೆಂಡತಿಯ ಮುಂದೆ ಸರಿಸಿದರು.

ಒಳಗಿನಿಂದ ಅತ್ತೆಯ ದನಿ ಬಂತು: "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ."

ಶುಕ್ರವಾರ ಬೆಳಿಗ್ಗೆ ಆರಕ್ಕೆಲ್ಲ ಮೆಕ್ಯಾನಿಕ್ ಇಬ್ಬರು ಕೆಲಸಗಾರರನ್ನು ಕರೆತಂದು ಹೊಸ ಯಂತ್ರವನ್ನು ಹಿತ್ತಲಿಗಿಳಿಸಿದ. ಹಳೆಯದನ್ನು ಕಿತ್ತರು, ಹೊಸದನ್ನು ಕೂರಿಸಿದರು. ಅಟ್ಟದಲ್ಲಿ ದಡದಡ ಸದ್ದು. ಸಾಹೇಬರು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದರು. ಬೇರೆ ಯಾವ ಕೆಲಸಕ್ಕೂ ಅವರನ್ನು ಯಾರೂ ಕರೆಯಲಿಲ್ಲ.

ಹನ್ನೆರಡು ಹೊಡೆಯುವ ಹೊತ್ತಿಗೆ ಮುಖ್ಯಸ್ಥರು ಮತ್ತೆ ಬಂದರು, ಈ ಸಲ ಒಬ್ಬರೇ. ಕೇಳುವ ಮೊದಲೇ ಫೋನನ್ನು ಪಾತ್ರೆಗೆ ಹಾಕಿ, ಊಟದ ಮನೆಯಲ್ಲಿ ಕುರ್ಚಿ ಎಳೆದುಕೊಂಡು, ಕರವಸ್ತ್ರ ಹಿಂಡಿ, ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಹೇಳಿಕೆ ಬೇಕು. ಕೆಲಸ ಕೊಡಿಸೋ ದಂಧೆ ಅಲ್ಲ ಅಂತ ನನಗೆ ಗೊತ್ತಾಯ್ತು. ಆದ್ರೂ ಏನಾದ್ರೂ ಬರೆದು ಮುಗಿಸ್ಬೇಕಲ್ಲ. ಲಕೋಟೆ ನಿಮ್ಮ ಮುಂದೆನೇ ಒಡೀತೀನಿ."

ಅರಗು ಮುರಿಯಿತು. ಕೋಡು ಒಂದು, ಇಂಜಿನಿಯರಮ್ಮ. ಕೋಡು ಎರಡು, ಟೈ ಮ್ಯಾನೇಜರು. ಕೋಡು ಮೂರು, ಮೆಕ್ಯಾನಿಕ್.

ಅದೇ ಕ್ಷಣಕ್ಕೆ ಅಟ್ಟದಿಂದ "ಹಾಕ್ರೋ!" ಎಂಬ ಕೂಗು ಕೇಳಿತು. ಗೋಡೆಯೊಳಗೆಲ್ಲೋ ಗುಂಯ್ ಎಂದಿತು. ಹದಿನೆಂಟು ವರ್ಷ ಬಿಸಿ ಉಸಿರನ್ನಷ್ಟೇ ಬಿಟ್ಟಿದ್ದ ಊಟದ ಮನೆಯ ಜಾಲರಿಯಿಂದ ತಣ್ಣನೆ ಗಾಳಿ ಧೊಪ್ಪನೆ ಇಳಿದು, ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳನ್ನೆಲ್ಲ ಹಾರಿಸಿಬಿಟ್ಟಿತು. ಯಾರೂ ಹಿಡಿಯಲು ಹೋಗಲಿಲ್ಲ. ಮುಖ್ಯಸ್ಥರು ಕಣ್ಣು ಮುಚ್ಚಿ ಮುಖ ಮೇಲೆತ್ತಿದರು. ಅತ್ತೆ ತಮ್ಮ ಕುರ್ಚಿಯನ್ನು ಜಾಲರಿಯ ನೇರ ಕೆಳಗೆ ಎಳೆದುಕೊಂಡರು. ಹೆಂಡತಿ ಬಾಗಿಲಲ್ಲಿ ಕ್ರೀಮಿನ ಬಟ್ಟಲು ಹಿಡಿದು ಹಾಗೇ ನಿಂತರು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು. ಸಂತೋಷಕ್ಕೆ ಬಂದ ನೀರು ಅದು, ಮುಚ್ಚಿಡಲು ಆಕೆ ಹೋಗಲಿಲ್ಲ.

ಮೆಕ್ಯಾನಿಕ್ ಇಳಿದು ಬಂದು ಹೇಳಿದ: "ಅಮ್ಮ ಹೇಳಿದ್ದೇ ಸರಿ ಸರ್. ಈ ಕೋಣೆ ಪೈಪು ಮನೆ ಕಟ್ಟಿದಾಗ್ಲೇ ಸರಿಯಾಗಿ ಸೇರಿಸಿರ್ಲಿಲ್ಲ ಅನ್ಸುತ್ತೆ. ಇಷ್ಟು ವರ್ಷ ನೀವು ಅಟ್ಟದಲ್ಲಿರೋ ಹಳೇ ಟ್ರಂಕುಗಳಿಗೆ ತಂಪು ಕೊಡ್ತಿದ್ರಿ. ಐದು ಟನ್ ಹಾಕಿದ್ರೆ ಟ್ರಂಕಿಗೆ ನೆಗಡಿ ಆಗ್ತಿತ್ತು ಅಷ್ಟೇ."

ಮುಖ್ಯಸ್ಥರು ಕಣ್ಣು ಬಿಟ್ಟರು. ತಂಪು ಗಾಳಿಗೆ ಅವರ ಮನಸ್ಸೂ ಮೆತ್ತಗಾಗಿತ್ತು. "ನೋಡಿ ಸೂಪರಿಂಟೆಂಡೆಂಟ್ರೇ, ಒಂದು ದಾರಿ ಇದೆ. 'ಮನೆ ಬಳಕೆಯ ಖರೀದಿಗಾಗಿ ಪರೀಕ್ಷೆ ಮಾಡಿದೆ, ಅದರಿಂದ ಯೋಗ್ಯ ವ್ಯಕ್ತಿ ಸಿಕ್ಕಿದ, ಮನೆ ತಂಪಾಯಿತು' ಅಂತ ಬರೀರಿ. ನಾನು ಸಹಿ ಹಾಕ್ತೀನಿ. ನಿಮ್ಮ ಮರ್ಯಾದೆನೂ ಉಳಿಯುತ್ತೆ. ಇಲ್ಲಾಂದ್ರೆ ಸರ್ವೀಸ್ ರಿಜಿಸ್ಟರಲ್ಲಿ ಒಂದು ಷರಾ ಬೀಳುತ್ತೆ, ಇಡೀ ಆಫೀಸು ನಗುತ್ತೆ."

ಸಾಹೇಬರು ಪೆನ್ನು ತೆಗೆದರು. ಇಪ್ಪತ್ತಾರು ವರ್ಷದಲ್ಲಿ ಅವರ ರಿಜಿಸ್ಟರಿನಲ್ಲಿ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ನೆಲದ ಮೇಲೆ, ಅವರ ಕಾಲಿನ ಹತ್ತಿರವೇ, ಕೋಡು ಮೂರರ ಹಾಳೆ ಬಂದು ಬಿದ್ದಿತ್ತು. ಒಂದು ಸಾಲು ಉತ್ತರ, ಪಕ್ಕದಲ್ಲಿ ತಾವೇ ಸುತ್ತಿದ ದುಂಡು ಸೊನ್ನೆ. ಅದನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಕಾರ್ಬನ್ ಹಾಳೆ ಇಟ್ಟುಕೊಂಡು ಬರೆಯತೊಡಗಿದರು, ನಡುವೆ ಎಲ್ಲೂ ನಿಲ್ಲಿಸದೆ.

ಮುಖ್ಯಸ್ಥರು ಓದಿ ಹುಬ್ಬೇರಿಸಿದರು. "ಇದನ್ನೇ ಕೊಡ್ತೀರಾ? ಷರಾ ಖಂಡಿತ."

"ಬೀಳ್ಲಿ ಸರ್."

ಮುಖ್ಯಸ್ಥರು ಹಾಳೆ ಮಡಚಿಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿ ಬಂದು ಮೆಕ್ಯಾನಿಕ್‌ನ ಭುಜ ಹಿಡಿದು ಪಕ್ಕಕ್ಕೆ ಕರೆದರು. "ನಿಮ್ಮ ನಂಬರ್ ಕೊಡಿ. ನಮ್ಮನೇದೂ ಎರಡು ತಿಂಗಳಿಂದ ಕೆಟ್ಟಿದೆ. ನಾನು ಕಮಿಟಿ ಮಾಡಿದೀನಿ."

ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಮಧ್ಯಾಹ್ನದ ತನಕ ಊಟದ ಮನೆಗೆ ಯಾರಿಗೂ ಪ್ರವೇಶವಿರಲಿಲ್ಲ. ಸಾಹೇಬರು ಪಾತ್ರೆ ತೊಳೆದರು, ಸಕ್ಕರೆ ಜರಡಿ ಹಿಡಿದರು, ಕರೆದಾಗ ಬಂದರು, ಕಳಿಸಿದಾಗ ಹೋದರು. ನಾಲ್ಕು ಗಂಟೆಗೆ ಕ್ಲಬ್ಬಿನ ವ್ಯಾನು ಬಂತು. ಮೂರು ಅಂತಸ್ತೂ ನೆಟ್ಟಗೆ ನಿಂತಿದ್ದವು. ನೀಲಿ ಕೊಳದಲ್ಲಿ ಹೊಸದಾಗಿ ಮಾಡಿದ ಮೂವರೂ ಸೇರಿ ಎಂಟೂ ಜನ ತಲೆಯೆತ್ತಿ ಈಜುತ್ತಿದ್ದರು. ಏಳು ಗಂಟೆಗೆ ಕಾರ್ಯದರ್ಶಿಯ ಫೋನು ಬಂತು. ಕೇಕಿನ ಕೊನೆಯ ತುಣುಕಿಗೆ ಇಬ್ಬರು ಹಿರಿಯ ಸದಸ್ಯರು ಜಗಳವಾಡಿದ್ದರಂತೆ. ಸೋಮವಾರ ಬಂದು ವರ್ಷದ ಒಪ್ಪಂದಕ್ಕೆ ಸಹಿ ಮಾಡಿ ಎಂದರಂತೆ.

ಹೆಂಡತಿ ಫೋನಿಟ್ಟು ಊಟದ ಮನೆಯ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಎರಡು ದಿನದಲ್ಲಿ ಆಕೆ ಕೂತದ್ದು ಅದೇ ಮೊದಲು. ಸಾಹೇಬರು ತಾವೇ ಮಾಡಿದ ಚಹಾ ತಂದು ಮುಂದಿಟ್ಟು, ಅಲ್ಲೇ ನಿಂತರು.

"ರೀ, ನಿನ್ನೆ ಆ ದಪ್ಪ ಸಾಹೇಬರಿಗೆ ಅದೇನು ಬರೆದು ಕೊಟ್ರಿ? ಕಾಪಿ ಇಟ್ಕೊಂಡಿರ್ತೀರಲ್ಲ, ಓದಿ."

ಸಾಹೇಬರು ಜೇಬಿನಿಂದ ಕಾರ್ಬನ್ ಪ್ರತಿ ತೆಗೆದು, ಗಂಟಲು ಸರಿಮಾಡಿಕೊಂಡು ಓದಿದರು: "'ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ಸರಿಯಾದ ಉತ್ತರ ಬರೆದವರಿಗೆ ನಾನು ಸೊನ್ನೆ ಕೊಟ್ಟೆ. ಈ ಮನೆಯಲ್ಲಿ ಎಲ್ಲಿ ಸೆಕೆ, ಯಾಕೆ ಸೆಕೆ ಎಂದು ನನ್ನ ಹೆಂಡತಿಗೆ ಮೊದಲಿಂದಲೂ ಗೊತ್ತಿತ್ತು. ಆಕೆ ಹೇಳುತ್ತಲೇ ಇದ್ದಳು. ನಾನು ಕೇಳಲಿಲ್ಲ. ತಪ್ಪು ನನ್ನದು.'"

ಹೆಂಡತಿ ಚಹಾ ಒಂದು ಗುಟುಕು ಕುಡಿದರು. ಜಾಲರಿಯಿಂದ ತಂಪು ಗಾಳಿ ಸದ್ದಿಲ್ಲದೆ ಇಳಿಯುತ್ತಿತ್ತು.

"ಕೊನೇದು ಸರಿಯಾಗಿ ಕೇಳಿಸ್ಲಿಲ್ಲ."

"ತಪ್ಪು ನನ್ನದು."

"ಸ್ವಲ್ಪ ಜೋರಾಗಿ ಓದಿ ಅಳಿಯಂದ್ರೆ" ಎಂದರು ಅತ್ತೆ ಒಳಗಿನ ಕೋಣೆಯಿಂದ. "ಗಂಟೆ ನಿಮಿಷ ಹಾಕಿ ಬರ್ಕೊತೀನಿ."